ಬೇವಿನೆಣ್ಣೆ ಕುಡಿದ ಗಾಲ್ಫ್ ಕೋಲುಗಳು

ಕೊಳತ್ತೂರು

ನನ್ನ ಪಾಸ್‌ಪೋರ್ಟು ಮಸ್ಕತ್ತಿಗೆ ಹೊಲಿಗೆ ಕೆಲಸಕ್ಕೆ ಹೋಗಲೆಂದು ಮಾಡಿಸಿದ್ದು. ಕೆಲಸ ಬರಲಿಲ್ಲ, ಪಾಸ್‌ಪೋರ್ಟು ಮಾತ್ರ ಬಂತು. ಸೇಲಂ ಹತ್ತಿರದ ಮೇಚೇರಿಯ ನನ್ನ ಟೈಲರ್ ಅಂಗಡಿಯಲ್ಲಿ ಲೈನಿಂಗ್ ಬಟ್ಟೆಗಳ ಕೆಳಗೆ ಅದು ವರ್ಷಗಟ್ಟಲೆ ಸುಮ್ಮನೆ ಮಲಗಿತ್ತು. ಕೊನೆಗೆ ಅದನ್ನು ಎಬ್ಬಿಸಿದವಳು ನನ್ನ ಅಣ್ಣನ ಮಗಳು ಭುವನಾ, ಅದೂ ಗಾಲ್ಫ್ ಎಂಬ ಆಟಕ್ಕಾಗಿ.

ಕುರಿ ಸಾಕುವ ಮನೆಗೂ ಗಾಲ್ಫಿಗೂ ಎಲ್ಲಿಯ ನಂಟು ಎಂದು ಮೇಚೇರಿಯಲ್ಲಿ ನನ್ನನ್ನು ಕೇಳದವರಿಲ್ಲ. ನಂಟು ಹುಲ್ಲಿನದು. ಹೊಸೂರಿನಾಚೆ ಒಂದು ಗಾಲ್ಫ್ ಮೈದಾನದಲ್ಲಿ ನನ್ನ ಅಣ್ಣ ಹುಲ್ಲು ಕತ್ತರಿಸುವ ಯಂತ್ರ ಓಡಿಸುತ್ತಾನೆ. ಭುವನಾ ಬೆಳೆದದ್ದು ಅಲ್ಲಿನ ಕೆಲಸಗಾರರ ಸಾಲುಮನೆಯಲ್ಲಿ. ಯಾರೋ ಬೇಡವೆಂದು ಬಿಟ್ಟ ಕೋಲು, ಯಾರೋ ಕಳೆದುಕೊಂಡ ಚೆಂಡು ಹಿಡಿದು ಆಡತೊಡಗಿದ ಹುಡುಗಿ ಹತ್ತೊಂಬತ್ತು ತುಂಬುವಷ್ಟರಲ್ಲಿ ಅಲ್ಲಿನ ದೊಡ್ಡ ಮನುಷ್ಯರನ್ನೇ ಸೋಲಿಸತೊಡಗಿದಳು. ಅವಳ ಚೀಲದಲ್ಲಿ ಇರುವುದೆಲ್ಲ ನಿವೃತ್ತ ಅಧಿಕಾರಿಗಳು ಪ್ರೀತಿಯಿಂದ ಕೊಟ್ಟ ಹಳೆಯ ಕೋಲುಗಳು.

ಮಲೇಷ್ಯಾದಲ್ಲಿ ಎರಡು ದಿನದ ಅರ್ಹತಾ ಪಂದ್ಯ ಇತ್ತು. ಅದರಲ್ಲಿ ಮುಂದೆ ಬಂದ ಹುಡುಗಿಯರಿಗೆ ಮಾತ್ರ ವರ್ಷವಿಡೀ ದೊಡ್ಡ ಪಂದ್ಯಗಳಲ್ಲಿ ಆಡುವ ಹಕ್ಕು. ಮೈದಾನದ ಸದಸ್ಯರು ಸೇರಿ ಪ್ರಯಾಣದ ಖರ್ಚು ಹೊತ್ತರು, ಆದರೆ ಇದು ಒಂದು ಸಲಕ್ಕೆ ಮಾತ್ರ ಎಂದು ನಗುನಗುತ್ತಲೇ ಹೇಳಿದರು. ಒಂಟಿ ಹುಡುಗಿಯನ್ನು ಕಳಿಸಲು ಅತ್ತಿಗೆಗೆ ಧೈರ್ಯವಿಲ್ಲ, ಅಣ್ಣನಿಗೆ ಪಾಸ್‌ಪೋರ್ಟಿಲ್ಲ. ಅತ್ತೆಯಾದ ನನಗಿತ್ತು. ಗಾಲ್ಫ್ ಬಗ್ಗೆ ನನಗೆ ಗೊತ್ತಿದ್ದುದು ಇಷ್ಟೇ: ಚೆಂಡು ದೂರ ಹೋಗಬೇಕು, ಆಮೇಲೆ ಒಂದು ಗುಳಿಗೆ ಬೀಳಬೇಕು.

ಹೊರಡುವ ಮುನ್ನ ಭುವನಾ ನಮ್ಮೂರು ಕೊಳತ್ತೂರಿಗೆ ಬಂದಳು, ದೇವರಿಗೂ ಅವಳ ತಾತನಿಗೂ ಹೇಳಿ ಹೋಗಲು. ಅವಳ ತಾತ ಎಂದರೆ ನನ್ನ ಅಪ್ಪ. ಎಪ್ಪತ್ತು ದಾಟಿದ ಮೇಲೂ ಕುರಿ ಹಿಂದೆಯೇ ಇರುವ ಮನುಷ್ಯ. ಕುರಿ ಬಿಟ್ಟು ಒಂದು ರಾತ್ರಿ ಹೊರಗೆ ಮಲಗಿದವರಲ್ಲ, ಮಗನ ಮನೆಗೂ ಹೋದವರಲ್ಲ. ನಾವು ದೇವಸ್ಥಾನಕ್ಕೆ ಹೋಗಿ ಬರುವಷ್ಟರಲ್ಲಿ ಅವರು ಗಾಲ್ಫ್ ಚೀಲವನ್ನು ಜಿಪ್ ಎಳೆದು, ಮೇಲೆ ಹಗ್ಗ ಬಿಗಿದು ಸಿದ್ಧವಾಗಿಟ್ಟಿದ್ದರು. ಅವರ ಕೈಯೆಲ್ಲ ಬೇವಿನೆಣ್ಣೆಯ ವಾಸನೆ. ಕುರಿಯ ಗಾಯಕ್ಕೆ ಹಚ್ಚಿರಬೇಕು ಎಂದುಕೊಂಡೆ. ಚೀಲವನ್ನು ಭುವನಾಳ ಹೆಗಲಿಗೆ ಏರಿಸುತ್ತಾ, "ಎಲ್ಲಾ ಮಾಡಿವ್ನಿ ಕಣ್ಣು, ಧೈರ್ಯವಾಗ್ ಓಗು" ಅಂದರು. ಮೊಮ್ಮಗಳನ್ನು ಮುದ್ದಿಗೆ ಅವರು ಕಣ್ಣು ಎಂದೇ ಕರೆಯುವುದು. ಏನು ಮಾಡಿದ್ದೀರಿ ಎಂದು ಕೇಳುವ ಬುದ್ಧಿ ನಮ್ಮಿಬ್ಬರಿಗೂ ಬರಲಿಲ್ಲ. ವಿಮಾನ ಹತ್ತಲು ತಿರುಚ್ಚಿಗೆ ಹೋಗುವ ಬಸ್ಸು ತಪ್ಪುತ್ತದೆಂಬ ಆತುರ.

ಸುಂಕದವರ ಮೇಜು

ವಿಮಾನ ಇಳಿದು ಸಾಮಾನು ಬರುವ ಪಟ್ಟಿಯ ಬಳಿ ನಿಂತಿದ್ದೆವು. ಚೀಲ ಬರುವ ಮೊದಲೇ ವಾಸನೆ ಬಂತು. ನನ್ನ ಪಕ್ಕದಲ್ಲಿದ್ದ ಹೆಂಗಸು ಮಗುವಿನ ಬಟ್ಟೆ ಎತ್ತಿ ನೋಡಿದಳು. ನಮ್ಮ ಚೀಲ ತಿರುಗಿಕೊಂಡು ಹತ್ತಿರ ಬಂದಾಗ ಆಸುಪಾಸಿನವರೆಲ್ಲ ಒಂದು ಹೆಜ್ಜೆ ಹಿಂದಕ್ಕೆ ಸರಿದರು. ಹಿಂದೆ ಸರಿಯದೆ ಮುಂದೆ ಬಂದವರು ಇಬ್ಬರೇ, ಸುಂಕದ ಅಧಿಕಾರಿಗಳು.

ಅವರಲ್ಲೊಬ್ಬ ಮುಷ್ಟಿ ಬಿಗಿದು ಹೆಬ್ಬೆರಳು ಚಾಚಿ ಒಂದು ಮೇಜಿನ ಕಡೆ ತೋರಿಸಿದ. ನಮ್ಮೂರಲ್ಲಿ ಯಾರಾದರೂ ಹಾಗೆ ಹೆಬ್ಬೆರಳು ತೋರಿಸಿದ್ದರೆ ಅಲ್ಲೇ ಜಗಳ ಆಗುತ್ತಿತ್ತು. ನನಗೂ ಪಿತ್ತ ನೆತ್ತಿಗೇರಿತ್ತು. ಆ ದೇಶದಲ್ಲಿ ತೋರುಬೆರಳು ಚಾಚುವುದೇ ಒರಟುತನವಂತೆ, ಹೆಬ್ಬೆರಳೇ ಮರ್ಯಾದೆಯಂತೆ, ಇದು ಆಮೇಲೆ ತಿಳಿದದ್ದು. ಪಾಪ, ಆ ಹುಡುಗ ಮರ್ಯಾದೆ ಕೊಡುತ್ತಿದ್ದ, ನಾನು ಅವನನ್ನು ದುರುಗುಟ್ಟಿ ನೋಡುತ್ತಿದ್ದೆ.

ಹಗ್ಗ ಬಿಚ್ಚಿದರು. ಒಳಗೆ ಪ್ರತಿ ಕೋಲಿನ ರಬ್ಬರ್ ತುದಿಗೂ ಹಳೆಯ ಪಂಚೆಯ ತುಂಡು ಸುತ್ತಿ ದಾರ ಕಟ್ಟಿತ್ತು. ಬಟ್ಟೆಯೆಲ್ಲ ಎಣ್ಣೆಯಲ್ಲಿ ನೆನೆದು ಕಪ್ಪಾಗಿತ್ತು. ಭುವನಾ ಒಂದನ್ನು ಬಿಚ್ಚಿದಳು. ಕೈ ಹಿಡಿಯುವ ರಬ್ಬರು ಉಬ್ಬಿ, ಮೆತ್ತಗಾಗಿ, ಸೋಪಿನ ಹಾಗೆ ಜಾರುತ್ತಿತ್ತು. ಎರಡನೆಯದೂ ಹಾಗೆ, ಮೂರನೆಯದೂ. ಅವಳು ಒಂದನ್ನು ಬಿಗಿಯಾಗಿ ಹಿಡಿದು ಮೆಲ್ಲಗೆ ಬೀಸಿ ನೋಡಿದಳು. ಕೋಲು ಅವಳ ಕೈಯೊಳಗೇ ಗಿರ್ರನೆ ತಿರುಗಿತು. ಅವಳ ಮುಖದ ಬಣ್ಣ ಹೋಯಿತು.

ನನಗೆ ಆಗ ಅರ್ಥವಾಯಿತು. ನಮ್ಮಲ್ಲಿ ಮಂದೆ ಹೊಡೆದುಕೊಂಡು ದೂರ ಹೊರಡುವವರ ಕೈಗೆ ಮನೆಯ ಹಿರಿಯರು ಕೋಲಿಗೆ ಎಣ್ಣೆ ಕುಡಿಸಿಯೇ ಕೊಡಬೇಕು. ಒಣಗಿದ ಕೋಲು ಹಿಡಿದು ಊರು ದಾಟಬಾರದು. ಅಪ್ಪ ಯಾವ ತಪ್ಪೂ ಮಾಡಿರಲಿಲ್ಲ, ಮೊಮ್ಮಗಳಿಗೆ ಮಾಡಬೇಕಾದ್ದನ್ನೇ ಮಾಡಿದ್ದರು. ಆದರೆ ಮಾರನೆಯ ದಿನ ಬೆಳಿಗ್ಗೆ ಪಂದ್ಯ, ಹುಡುಗಿಯ ಕೈಯಲ್ಲಿ ಹಿಡಿಯಲಾಗದ ಕೋಲುಗಳು.

ಅಧಿಕಾರಿ ಬಟ್ಟೆಯ ತುಂಡನ್ನು ಮೂಸಿ ಇದೇನೆಂದು ಕೇಳಿದ. "ಮೆಡಿಸಿನ್" ಅಂದೆ. ಯಾರಿಗೆ ಎಂದ. ಸ್ಟಿಕ್‌ಗೆ ಎಂದೆ. ಅವನು ಕೋಲನ್ನೂ ನನ್ನನ್ನೂ ನೋಡಿ, ಊಟ ಆಯಿತೇ ಎಂದು ಕೇಳಿ, ಕಳಿಸಿಕೊಟ್ಟ. ಊಟ ಆಯಿತೇ ಎನ್ನುವುದು ಅಲ್ಲಿ ಹೇಗಿದ್ದೀರಿ ಎನ್ನುವುದಕ್ಕೆ ಸಮ. ನಮ್ಮ ಮುಖ ನೋಡಿ ಅವನಿಗೆ ಇನ್ನೇನು ಕೇಳಲು ತೋಚಿತೋ ಇಲ್ಲವೋ.

ಲಿಮ್ ಅವರ ಅಂಗಡಿ

ಟ್ಯಾಕ್ಸಿಯವರು ಅಲ್ಲೇ ಹುಟ್ಟಿದ ತಮಿಳರು. ನಾವು ಸೇಲಂ ಕಡೆಯವರು ಎಂದ ಕೂಡಲೇ ಅವರ ಅಜ್ಜಿಯೂ ಆ ಕಡೆಯವರೇ ಎಂದು ಕಾರಿನ ವೇಗ ಕಡಿಮೆ ಮಾಡಿಬಿಟ್ಟರು. ನನಗೋ ಬೇಗ ಹೋಗಬೇಕು. ಅವರು ಅಜ್ಜಿಯ ಕಥೆ ಹೇಳುತ್ತಿದ್ದರೆ ನಾನೂ ಭುವನಾಳೂ ಹಿಂದೆ ಕುಳಿತು ನಮ್ಮ ಮನೆಮಾತು ಕನ್ನಡದಲ್ಲಿ ಪಿಸುಗುಟ್ಟುತ್ತಿದ್ದೆವು. ಊರಲ್ಲಿ ಕನ್ನಡ ಮಾತಾಡು ಎಂದರೆ ಮೂಗು ಮುರಿದು ತಮಿಳಿಗೆ ಹಾರುವ ಹುಡುಗಿ ಅಂದು ನನಗಿಂತ ಚೆನ್ನಾಗಿ ಕನ್ನಡದಲ್ಲಿ ಅಳುತ್ತಿದ್ದಳು.

ಆದರೆ ಗಾಲ್ಫ್ ಕೋಲು ರಿಪೇರಿ ಮಾಡುವ ಅಂಗಡಿಗೆ ನಮ್ಮನ್ನು ಮುಟ್ಟಿಸಿದವರೂ ಅವರೇ. ಅಂಗಡಿಯ ಯಜಮಾನರು ಲಿಮ್ ಎಂಬ ಚೀನೀ ಮುದುಕರು. ನಗುವುದೇ ಇಲ್ಲ. ಎಲ್ಲ ಪ್ರಶ್ನೆಗೂ ಅವರದು ಒಂದೇ ಉತ್ತರ, "ಕ್ಯಾನ್". ರಬ್ಬರ್ ಹಿಡಿಕೆ ಬದಲಾಯಿಸಬಹುದೇ? ಕ್ಯಾನ್. ಇವತ್ತೇ? ಕ್ಯಾನ್. ಸಂಜೆಯೊಳಗೆ? ಕ್ಯಾನ್. ನನ್ನ ಜೀವ ಒಂದಿಷ್ಟು ಹಗುರವಾಯಿತು.

ಹೊಸ ಹಿಡಿಕೆಯ ಗಾತ್ರ ನೋಡಬೇಕೆಂದು ಅವರು ಭುವನಾಳನ್ನು ಅಳೆಯತೊಡಗಿದರು. ಅಂಗೈ, ಬೆರಳು, ಆಮೇಲೆ ಕೈ ಇಳಿಬಿಟ್ಟು ನಿಲ್ಲಿಸಿ ಮಣಿಕಟ್ಟಿನಿಂದ ನೆಲದವರೆಗೆ. ಟೇಪು ಕಂಡದ್ದೇ ತಡ ನನಗೆ ಇದು ನಮ್ಮ ಮನೆಯ ಕೆಲಸ ಅನ್ನಿಸಿತು. ಅಳತೆ ತೆಗೆದರಲ್ಲ, ಇನ್ನು ಮುಗಿಯಿತು ಎಂದು ಕುರ್ಚಿ ಎಳೆದುಕೊಂಡು ಕುಳಿತೆ. ಲಿಮ್ ನನ್ನ ಕಡೆ ನೋಡಿ, ಇದು ಹುಡುಗಿಯ ಮೈಯ ಅಳತೆ, ಕೋಲು ಎಷ್ಟು ಉದ್ದ ಇರಬೇಕೆಂದು ಇದು ಹೇಳುತ್ತದೆ, ಅವಳ ಬೀಸಿನ ಅಳತೆ ಇನ್ನೂ ತೆಗೆದಿಲ್ಲ ಎಂದರು. ನಲವತ್ತೈದರ ಈ ವಯಸ್ಸಿನವರೆಗೆ ನಾನು ರವಿಕೆ ತೊಡುವವರ ಮೈ ಅಳೆದಿದ್ದೇನೆ, ಅವರು ಕೈ ಬೀಸುವುದನ್ನು ಅಳೆದಿಲ್ಲ.

ಹೊಸ ಹಿಡಿಕೆ ಹಾಕಿ ಮೊದಲು ಮುಗಿಸಿದ ಒಂದೆರಡು ಕೋಲು ಕೊಟ್ಟು ಹೊಡೆಯಲು ಹೇಳಿದರು. ಮುಂದೆ ತೂಗುಹಾಕಿದ ಪರದೆ, ಪಕ್ಕದಲ್ಲಿ ಚೆಂಡಿನ ವೇಗ, ದಿಕ್ಕು ತೋರಿಸುವ ಯಂತ್ರ. ಕಬ್ಬಿಣದ ತಲೆಯ ಕೋಲುಗಳ ಅಡಿಗೆ ಒಂದು ಪಟ್ಟಿ ಅಂಟಿಸಿ ಹಲಗೆಯ ಮೇಲೆ ಹೊಡೆಸಿದರು. ಗುರುತು ಪಟ್ಟಿಯ ನಡುಮಧ್ಯೆ ಬಿತ್ತು. ಅದರ ಅರ್ಥ ತಲೆ ನೆಲಕ್ಕೆ ಸರಿಯಾಗಿ ಕೂರುತ್ತಿದೆ, ಅವು ಪರವಾಗಿಲ್ಲ. ಕೊನೆಗೆ ಎಲ್ಲಕ್ಕಿಂತ ದೂರ ಹೊಡೆಯುವ ದೊಡ್ಡ ಕೋಲು, ಡ್ರೈವರ್. ಅದನ್ನು ಅವಳು ಬೀಸುತ್ತಿದ್ದಾಗ ಲಿಮ್ ಪರದೆ ನೋಡಲಿಲ್ಲ, ಯಂತ್ರ ನೋಡಲಿಲ್ಲ. ಕೋಲು ಮೇಲಕ್ಕೆ ಹೋಗಿ ಕೆಳಕ್ಕೆ ತಿರುಗುವ ಆ ಒಂದು ಕ್ಷಣವನ್ನೇ ನೋಡುತ್ತಿದ್ದರು. ಆಮೇಲೆ ಡ್ರೈವರ್‌ನ ನಡುವಿನ ಉದ್ದ ಕಡ್ಡಿಯನ್ನು, ಅದಕ್ಕೆ ಶಾಫ್ಟ್ ಎನ್ನುತ್ತಾರೆ, ಕೈಯಲ್ಲಿ ಬಗ್ಗಿಸಿ ನೋಡಿ ಇದು ಯಾವ ಮುದುಕನದು ಎಂದು ಕೇಳಿದರು.

ಅವರು ಹೇಳಿದ್ದು ಇಷ್ಟು. ಹುಡುಗಿಯ ಬೀಸಿಗೆ ಬಲವಿದೆ, ತಿರುವು ಚುರುಕಾಗಿದೆ. ಶಾಫ್ಟು ಮಾತ್ರ ನಿಧಾನವಾಗಿ ಬೀಸುವ ವಯಸ್ಸಾದವರಿಗೆ ಮಾಡಿದ ಮೆತ್ತನೆಯದು. ಅವಳ ಕೈ ಕೆಳಗೆ ಬಂದರೂ ಅದರ ತಲೆ ತನ್ನ ಲೆಕ್ಕದಲ್ಲಿ ಬರುತ್ತದೆ, ಒಮ್ಮೆ ಮುಂಚೆ, ಒಮ್ಮೆ ತಡ. ಅದಕ್ಕೇ ಅವಳು ಮೇಲೆ ಎತ್ತಿದಾಗ ಒಂದು ಗಳಿಗೆ ನಿಂತು, ಕೋಲು ಸುಧಾರಿಸಿಕೊಳ್ಳಲಿ ಎಂದು ಕಾಯುತ್ತಾಳೆ. ಆ ನಿಲುಗಡೆಯನ್ನೇ ಹೊಸೂರಿನ ದೊಡ್ಡ ಮನುಷ್ಯರು ಎಂಥ ತಾಳ್ಮೆ, ಎಂಥ ತಾಳ್ಮೆ ಎಂದು ಹೊಗಳುತ್ತಿದ್ದರು. ಕೋಲು ಆಟಗಾರ್ತಿಗೆ ಹೊಂದಬೇಕು, ಇಲ್ಲಿ ಆಟಗಾರ್ತಿ ಕೋಲಿಗೆ ಹೊಂದಿಕೊಂಡಿದ್ದಾಳೆ ಎಂದರು ಲಿಮ್.

ಆ ಡ್ರೈವರ್‌ನ ತಲೆಯನ್ನು ತಿರುಪು ಬಿಚ್ಚಿ ಬೇರೆ ಶಾಫ್ಟಿಗೆ ಹಾಕಬಹುದಿತ್ತು. ಗೋಡೆಗೆ ಸಾಲಾಗಿ ನಿಲ್ಲಿಸಿದ್ದ ಶಾಫ್ಟುಗಳಲ್ಲಿ ಒಂದನ್ನು ತೆಗೆದು ಹಾಕಿಕೊಟ್ಟರು. ಅದು ಬಹಳ ಬಿರುಸು. ಚೆಂಡು ತಗ್ಗಾಗಿ ಬಲಕ್ಕೆ ಓಡಿತು, ಭುವನಾ ಕೈ ಕೊಡವಿಕೊಂಡಳು. ಮತ್ತೊಂದು ಹಾಕಿದರು, ಬಿಗಿ ಎಷ್ಟೆಂದು ಹೇಳುವ ಮೊದಲಿನದರ ಅಕ್ಷರವೇ ಅದರ ಮೇಲೂ ಬರೆದಿತ್ತು, ಆದರೆ ಹೊಡೆತ ಬೇರೆಯೇ. ಅಕ್ಷರ ನೋಡಿ ಆರಿಸಬೇಡಿ, ಒಂದೊಂದು ಕಾರ್ಖಾನೆಯವರದು ಒಂದೊಂದು ಲೆಕ್ಕ ಎಂದರು. ಇದು ನನಗೆ ಚೆನ್ನಾಗಿ ಗೊತ್ತಿರುವ ವಿಷಯ. ರೆಡಿಮೇಡ್ ಅಂಗಡಿಯ ಎಲ್ ಸೈಜು ನಂಬಿ ಬಂದವರ ಬಟ್ಟೆ ಬಿಚ್ಚಿ ಹೊಲಿದೇ ನನ್ನ ಜೀವನ ನಡೆದಿದೆ.

ತೂಕ ಸ್ವಲ್ಪ ಹೆಚ್ಚಿದ್ದ, ಬಿಗಿ ಮಧ್ಯಮವಾದ ಇನ್ನೊಂದು ಶಾಫ್ಟು ಹಾಕಿದಾಗ ಶಬ್ದವೇ ಬದಲಾಯಿತು. ಹೊಲಿಗೆ ಯಂತ್ರಕ್ಕೆ ಸರಿಯಾದ ಸೂಜಿ ಹಾಕಿದಾಗ ಬರುವ ತುಂಬಿದ ಶಬ್ದ. ಚೆಂಡು ನೇರ ಹೋಯಿತು. ಮುಂದಿನದು ದೂರ ಬಲಕ್ಕೆ. ಮತ್ತೆ ನೇರ. ಮತ್ತೆ ಬಲಕ್ಕೆ. ಹಳೆಯ ಅಭ್ಯಾಸದಲ್ಲಿ ನಿಂತು ಕಾದರೆ ಬಲಕ್ಕೆ, ಕಾಯದೆ ತಿರುಗಿದರೆ ನೇರ. ಲಿಮ್ ಎರಡೂ ಶಾಫ್ಟುಗಳನ್ನು ಮೇಜಿನ ಮೇಲಿಟ್ಟರು. ಹೊಸದು ನಿನ್ನ ನಿಜವಾದ ಬೀಸಿಗೆ, ಹಳೆಯದು ನಿನ್ನ ಅಭ್ಯಾಸಕ್ಕೆ, ನಾಳೆ ಬೆಳಿಗ್ಗೆ ಆ ಬೀಸೋ ಈ ಅಭ್ಯಾಸವೋ, ಯಾವುದು ನಿನ್ನ ಜೊತೆ ಮೈದಾನಕ್ಕೆ ಬರುತ್ತದೋ ನಾನು ಹೇಳಲಾರೆ ಎಂದರು. ಎರಡನ್ನೂ, ತಿರುಪು ಬಿಚ್ಚುವ ಉಪಕರಣವನ್ನೂ ಒಯ್ಯಿರಿ, ಹೊಸದನ್ನು ಪಂದ್ಯ ಮುಗಿದ ಮೇಲೆ ತಂದು ಕೊಟ್ಟರಾಯಿತು ಎಂದೂ ಹೇಳಿದರು.

ಬೇಡವೇ ಬೇಡ ಎಂದೆ ನಾನು. ಮುಹೂರ್ತದ ಹಿಂದಿನ ದಿನ ಹೆಣ್ಣಿನ ರವಿಕೆಯ ಅಳತೆ ಬದಲಿಸುವ ಟೈಲರ್ ಭೂಮಿ ಮೇಲೆ ಇಲ್ಲ. ಬಿಗಿಯೋ ಸಡಿಲವೋ, ರೂಢಿಯಾದದ್ದೇ ನಾಳೆಗೆ ಒಳ್ಳೆಯದು. ಖರ್ಚು ಕೊಟ್ಟವರು ಒಂದು ಸಲಕ್ಕೆ ಮಾತ್ರ ಎಂದಿದ್ದಾರೆ, ನೆನಪಿದೆಯಾ ಎಂದು ಗದರಿಸಿದೆ. ಭುವನಾ ನನ್ನ ಕಡೆ ನೋಡಲಿಲ್ಲ. ಹೊಸ ಶಾಫ್ಟನ್ನೇ ಸವರುತ್ತಾ ನಿಂತಿದ್ದಳು.

"ಇಷ್ಟು ವರ್ಷ ನಾನು ಕೋಲ್ಗೆ ಕಾದೆ ಅತ್ತೆ. ಇನ್ ಮುಡಿಯಾದು" ಅಂದಳು. ಇನ್ನು ಆಗುವುದಿಲ್ಲ ಎಂಬುದನ್ನು ತಮಿಳಿನಲ್ಲೇ ಹೇಳಿದಳು, ಅಂದರೆ ನಿರ್ಧಾರ ಆಗಿಹೋಗಿತ್ತು.

ಮೊದಲ ದಿನ

ಅಲ್ಲಿಯ ಮೈದಾನ ನೋಡಿದರೆ ಅಪ್ಪನಿಗೆ ಹುಚ್ಚು ಹಿಡಿಯುತ್ತಿತ್ತು. ಕಣ್ಣು ಹಾಯಿಸಿದಷ್ಟೂ ಹುಲ್ಲು, ಒಂದು ಕುರಿ ಇಲ್ಲ. ಬೆಳಿಗ್ಗೆಯೇ ಮೈಯೆಲ್ಲ ಬೆವರು, ಮೇಚೇರಿಯ ಒಣ ಬಿಸಿಲಲ್ಲ, ಇಡ್ಲಿ ಪಾತ್ರೆಯೊಳಗೆ ಕೂತ ಹಾಗೆ. ಚೀಲ ಹೊರುವವರನ್ನು ಗೊತ್ತುಮಾಡುವ ಅನುಕೂಲ ನಮಗಿರಲಿಲ್ಲ, ಚೀಲದ ಗಾಡಿ ಎಳೆಯುವ ಕೆಲಸ ನನ್ನದೇ. ಸೀರೆ ಎತ್ತಿ ಸಿಕ್ಕಿಸಿ, ಟೋಪಿ ಹಾಕಿಕೊಂಡು ನಿಂತೆ. ಜಪಾನಿನ ಹುಡುಗಿಯೊಬ್ಬಳು ನನಗೆ ಬಗ್ಗಿ ನಮಸ್ಕರಿಸಿದಳು. ನನ್ನನ್ನು ದೊಡ್ಡ ಗುರುವೆಂದು ತಿಳಿದಿರಬೇಕು.

ಮೊದಲ ಹೊಡೆತಕ್ಕೆ ಭುವನಾ ಡ್ರೈವರ್ ಎತ್ತಿದಳು. ಮೇಲೆ ಹೋದ ಕೋಲು ನಿಂತಿತು. ಅಲ್ಲೇ ನನಗೆ ಗೊತ್ತಾಯಿತು. ಚೆಂಡು ಬಲಕ್ಕೆ ತಿರುಗಿ ಕಾಡಿನೊಳಗೆ ಹೋಯಿತು. ಕಡಿಮೆ ಹೊಡೆತದವರೇ ಗೆಲ್ಲುವ ಆಟ ಇದು, ಅಂಥ ಚೆಂಡು ಸಿಗದಿದ್ದರೆ ಒಂದು ಹೊಡೆತ ದಂಡ, ಅದೂ ಅಲ್ಲದೆ ಹಿಂದಿರುಗಿ ಮತ್ತೆ ಅಲ್ಲಿಂದಲೇ ಹೊಡೆಯಬೇಕು. ನಾನು ಪೊದೆಗಳ ನಡುವೆ ಚೆಂಡು ಹುಡುಕುತ್ತಿದ್ದರೆ, ಒಂದು ಕೋತಿ ಕೊಂಬೆ ಮೇಲೆ ಕೂತು ನೋಡುತ್ತಿತ್ತು. ಚೆಂಡು ಸಿಗಲಿಲ್ಲ.

ಅಂದು ಮಧ್ಯಾಹ್ನದವರೆಗೆ ನಾನು ಅನುಭವಿಸಿದ್ದು ಶತ್ರುವಿಗೂ ಬೇಡ. ಅವಳು ಕೋಲೆತ್ತಿದಾಗೆಲ್ಲ ನನ್ನ ಉಸಿರು ನಿಲ್ಲುವುದು. ಕಬ್ಬಿಣದ ಕೋಲುಗಳಲ್ಲಿ ಒಳ್ಳೆಯ ಹೊಡೆತ ಹೊಡೆದು ಗಳಿಸಿದ್ದನ್ನು ಡ್ರೈವರ್ ಕಳೆಯುವುದು. ಆಟ ಮುಗಿದಾಗ ಫಲಕದಲ್ಲಿ ಅವಳ ಹೆಸರು ಹುಡುಕಲು ನಾನು ಬಹಳ ಕೆಳಗಿನವರೆಗೆ ಕಣ್ಣಿಳಿಸಬೇಕಾಯಿತು. ಹಕ್ಕು ಸಿಗುವ ಗೆರೆಯಿಂದ ದೂರ, ಆದರೆ ಆಸೆ ಬಿಡುವಷ್ಟು ದೂರವೂ ಅಲ್ಲ. ಇಂಥ ಅಂತರವೇ ಮನುಷ್ಯರನ್ನು ಕೊಲ್ಲುವುದು.

ಸಂಜೆ ಬೀದಿ ಅಂಗಡಿಯಲ್ಲಿ ಎದುರುಬದುರು ಕೂತು ನೂಡಲ್ಸ್ ತಿಂದೆವು. ಕೊಳತ್ತೂರಿಗೆ ಬಂದಿದ್ದ ಅಣ್ಣ ಫೋನು ಮಾಡಿದ, ಎಲ್ಲ ಚೆನ್ನಾಗಿದೆ ಎಂದೆ. ಅಪ್ಪನೂ ಪಕ್ಕದಲ್ಲಿದ್ದರಂತೆ, ಕೋಲುಗಳು ಹೇಗಿವೆ ಎಂದು ಕೇಳಿಸಿದರು. ಅದಕ್ಕೂ ಚೆನ್ನಾಗಿವೆ ಎಂದೆ. ಫೋನಿಟ್ಟ ಮೇಲೆ ನನಗೆ ಅಪ್ಪನ ಮೇಲೆ, ಎಣ್ಣೆಯ ಮೇಲೆ, ಲಿಮ್ ಮೇಲೆ, ಎದುರಿಗೆ ಕೂತ ಹಟಮಾರಿಯ ಮೇಲೆ ಒಟ್ಟಿಗೇ ಕೋಪ ಬಂತು.

ಎರಡನೆಯ ದಿನ

ಬೆಳಿಗ್ಗೆ ನಾನು ಹಳೆಯ ಶಾಫ್ಟನ್ನೂ ತಿರುಪು ಬಿಚ್ಚುವ ಉಪಕರಣವನ್ನೂ ಹಾಸಿಗೆಯ ಮೇಲಿಟ್ಟೆ. ಆಟ ಶುರುವಾಗುವ ಮೊದಲು ಬದಲಾಯಿಸಲು ನಿಯಮ ಅಡ್ಡಿಯಿಲ್ಲ, ಶುರುವಾದ ಮೇಲೆ ಆಗದು. ಭುವನಾ ಅದನ್ನು ನೋಡಿ ಹಾಗೇ ಕೂತಳು. ಅವಳಿಗೂ ಭಯವಿತ್ತು. ಆಮೇಲೆ ಎರಡನ್ನೂ ಎತ್ತಿ ನನ್ನ ಪೆಟ್ಟಿಗೆಯಲ್ಲಿಟ್ಟು ಮುಚ್ಚಿದಳು.

"ಅತ್ತೆ, ಒಂದ್ ಮಾತ್ ಕೇಳ್ತೀನಿ, ಕೋಪ ಮಾಡ್ಕಬೇಡ. ನಾನು ಡ್ರೈವರ್ ಎತ್ದಾಗ ನೀನು ನನ್ನ ನೋಡ್ಬೇಡ. ನೀನು ಉಸ್ರು ಇಡ್ಕಂಡ್ ನಿಲ್ತೀಯ. ನಂಗೂ ನಿಲ್ಲಂಗಾಯ್ತೈತೆ."

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಸರಿ ಎಂದೆ. ಅಂದು ಅವಳು ಡ್ರೈವರ್ ಕೈಗೆತ್ತಿಕೊಂಡಾಗಲೆಲ್ಲ ನಾನು ಬೆನ್ನು ತಿರುಗಿಸಿ ಮರ ನೋಡುತ್ತಾ ನಿಂತೆ. ನನಗೆ ಸಿಗುತ್ತಿದ್ದುದು ಶಬ್ದ ಮಾತ್ರ. ಟೈಲರ್ ಕಿವಿಗೆ ಅಷ್ಟು ಸಾಕು. ಒಳಮನೆಯಲ್ಲಿ ಕೂತಿದ್ದರೂ ಅಂಗಡಿಯಲ್ಲಿ ಯಂತ್ರ ಹೊಲಿಗೆ ಬಿಟ್ಟರೆ ನನಗೆ ಕೇಳಿಸುತ್ತದೆ. ಮೊದಲ ಶಬ್ದ ಲಿಮ್ ಅಂಗಡಿಯ ಆ ತುಂಬಿದ ಶಬ್ದ. ಎರಡನೆಯದೂ ಅದೇ. ಮೂರನೆಯದು ಒಡಕಲು, ಮತ್ತೆ ಕಾದುಬಿಟ್ಟಿದ್ದಳು, ಆದರೆ ಚೆಂಡು ಹುಲ್ಲಿನಂಚಿನಲ್ಲೇ ಉಳಿಯಿತು. ಅದಾದ ಮೇಲೆ ಒಂದೂ ಒಡಕಲಿಲ್ಲ.

ಮಧ್ಯಾಹ್ನ ದಾಟುತ್ತಿದ್ದಂತೆ ಕೊನೆಯ ಎರಡು ಗುಳಿ ಉಳಿದಿದ್ದವು. ಫಲಕದಲ್ಲಿ ಅವಳ ಹೆಸರು ಗೆರೆಯ ಮೇಲೆಯೇ ಬಂದು ಕೂತಿತ್ತು. ಅಷ್ಟರಲ್ಲಿ ಸೈರನ್ ಊದಿತು. ಅಲ್ಲಿ ಮಧ್ಯಾಹ್ನದ ಮೋಡ ಕಂಡರೆ, ಸಿಡಿಲಿನ ಭಯಕ್ಕೆ ಆಟ ನಿಲ್ಲಿಸಿ ಎಲ್ಲರನ್ನೂ ಒಳಗೆ ಓಡಿಸುತ್ತಾರೆ. ನಮ್ಮಲ್ಲಿ ಸಿಡಿಲು ಹೊಡೆದರೆ ಕುರಿ ಎಣಿಸುತ್ತಾರೆ, ಯಾರೂ ಸೈರನ್ ಊದುವುದಿಲ್ಲ. ಸಣ್ಣ ಮಾಡಿನ ಕೆಳಗೆ ಒತ್ತಿಕೊಂಡು ನಿಂತೆವು. ಮಳೆ ಸುರಿಯಿತು. ಆಟಗಾರ್ತಿಯರು ಯಾರೂ ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ. ಭುವನಾ ಹೊಸ ರಬ್ಬರ್ ಹಿಡಿಕೆಯನ್ನು ಟವೆಲಿನಲ್ಲಿ ಒರೆಸುತ್ತಲೇ ಇದ್ದಳು, ಒಣಗಿದ ಮೇಲೂ ಒರೆಸುತ್ತಿದ್ದಳು. ಅವಳು ಯೋಚನೆ ಮಾಡುತ್ತಿದ್ದಾಳೆ, ಯೋಚನೆ ಮಾಡಿದರೆ ಕಾಯುತ್ತಾಳೆ, ಕಾದರೆ ಎಲ್ಲ ಹೋಯಿತು ಎಂದುಕೊಂಡೆ.

ತೋಚದೆ, ತಾತ ಎಣ್ಣೆ ಹಚ್ಚಿ ಪಂಚೆ ಸುತ್ತುವಾಗ ಎಷ್ಟು ಖುಷಿಯಲ್ಲಿದ್ದಿರಬೇಕು ನೋಡು ಎಂದೆ. ಅವಳು ಒರೆಸುವುದು ನಿಲ್ಲಿಸಿದಳು. ತುಟಿ ಬಿಗಿಹಿಡಿದಳು, ಆಗಲಿಲ್ಲ, ನಕ್ಕುಬಿಟ್ಟಳು. ಸುಂಕದವನು ಮೂಸಿದ್ದನ್ನು ನೆನೆದು ನಾನೂ ನಕ್ಕೆ. ಆ ಮಾಡಿನ ಕೆಳಗೆ ನಗುತ್ತಿದ್ದವರು ನಾವಿಬ್ಬರೇ, ಉಳಿದವರು ನಮ್ಮನ್ನು ವಿಚಿತ್ರವಾಗಿ ನೋಡಿದರು.

ಮಳೆ ನಿಂತು ಆಟ ಮತ್ತೆ ಶುರುವಾಯಿತು. ಒಂದು ಗುಳಿ ಸಲೀಸಾಗಿ ಮುಗಿಯಿತು. ಕೊನೆಯದು ಇಕ್ಕಟ್ಟಿನದು, ಬಲಗಡೆ ಉದ್ದಕ್ಕೂ ನೀರು. ಅವಳು ಡ್ರೈವರ್ ತೆಗೆದುಕೊಂಡಳು. ನಾನು ಬೆನ್ನು ತಿರುಗಿಸಿದೆ. ಒದ್ದೆ ಮರದಿಂದ ಹನಿ ಬೀಳುತ್ತಿತ್ತು. ಅವಳ ಹೆಜ್ಜೆ ಹುಲ್ಲಿನಲ್ಲಿ ಸರಿದು ನಿಂತಿತು. ನಾನು ಬೇಕೆಂದೇ ಬಾಯಿ ತೆರೆದು ಉಸಿರಾಡುತ್ತಾ ನಿಂತೆ, ಉಸಿರು ಹಿಡಿಯಬಾರದೆಂದು. ಆಮೇಲೆ ಆ ಶಬ್ದ ಬಂತು, ತುಂಬಿಕೊಂಡು.

ನಾನು ತಿರುಗಲಿಲ್ಲ. ಅವಳೇ ಬಂದು ನನ್ನ ಸೆರಗು ಎಳೆದಳು. ಚೆಂಡು ನಡುಹುಲ್ಲಿನಲ್ಲಿ ಬೆಳ್ಳಗೆ ಕೂತಿತ್ತು. ಸಂಜೆ ಹಕ್ಕು ಸಿಕ್ಕವರ ಹೆಸರು ಓದಿದರು, ಕಟ್ಟಕಡೆಯ ಹೆಸರು ಅವಳದು. ಕಡೆಯದಾದರೇನು, ನಾನು ಜಪಾನಿ ಹುಡುಗಿಗೆ ಬಗ್ಗಿ ನಮಸ್ಕರಿಸಿದೆ.

ಮಾರನೆಯ ದಿನ ಶಾಫ್ಟು ಹಿಂದಿರುಗಿಸಲು ಹೋದಾಗ ಲಿಮ್ ಹೊಸದನ್ನು ಅವಳ ಕಡೆಗೇ ತಳ್ಳಿ ಹಳೆಯದನ್ನು ತಮ್ಮ ಕಡೆ ಎಳೆದುಕೊಂಡರು. ಮುದುಕರ ಶಾಫ್ಟು ಮುದುಕನ ಹತ್ತಿರವೇ ಇರಲಿ ಎಂದರು. ನಗಲಿಲ್ಲ. ಎಣ್ಣೆ ಯಾರು ಹಚ್ಚಿದ್ದು ಎಂದು ಕೇಳಿದರು. ಭುವನಾ ಗ್ರಾಂಡ್‌ಫಾದರ್ ಎಂದಳು. ಅವರಿಗೆ ನನ್ನ ನಮಸ್ಕಾರ ಹೇಳು, ಅವರು ಹಚ್ಚದಿದ್ದರೆ ನೀನು ನನ್ನ ಬಳಿ ಬರುತ್ತಿರಲಿಲ್ಲ ಎಂದರು.

ಮತ್ತೆ ಕೊಳತ್ತೂರು

ವಾಪಸು ಬರುವ ದಾರಿಯಲ್ಲಿ ನಾವು ಒಂದು ಒಪ್ಪಂದ ಮಾಡಿಕೊಂಡೆವು. ಎಣ್ಣೆಯಿಂದ ಹಿಡಿಕೆ ಕೆಟ್ಟ ವಿಷಯ ಅಪ್ಪನಿಗೆ ತಿಳಿಯಕೂಡದು. ಗೆದ್ದು ಬಂದ ದಿನ ಮುದುಕರ ಮನಸ್ಸು ಯಾಕೆ ನೋಯಬೇಕು. ಕೇಳಿದರೆ ಅಲ್ಲಿಯ ನಿಯಮ, ಎಲ್ಲರೂ ಹಿಡಿಕೆ ಬದಲಾಯಿಸಬೇಕು ಎಂದು ಹೇಳುವುದೆಂದು ನಾನೇ ಸುಳ್ಳನ್ನು ಅಚ್ಚುಕಟ್ಟಾಗಿ ಹೊಲಿದಿಟ್ಟಿದ್ದೆ.

ಅಪ್ಪ ಊರ ಪಕ್ಕದ ಜಲಾಶಯದ ನೀರು ಇಳಿದ ಬಯಲಿನಲ್ಲಿ ಕುರಿ ಮೇಯಿಸುತ್ತಿದ್ದರು. ನಾವು ಚೀಲ ಹೊತ್ತುಕೊಂಡು ಅಲ್ಲಿಗೇ ಹೋದೆವು. ಅವರು ಮೊಮ್ಮಗಳ ಕೆನ್ನೆ ಸವರಿ, ನೇರ ಚೀಲಕ್ಕೆ ಕೈ ಹಾಕಿ ಡ್ರೈವರನ್ನೇ ಎಳೆದರು. ಹೊಸ ಹಿಡಿಕೆಯ ಹಸಿರು ಅಂಚು ಅವರ ಕಣ್ಣಿಗೆ ಬಿತ್ತು. ನಾನು ಸುಳ್ಳು ಹೇಳಲು ಬಾಯಿ ತೆರೆದೆ.

ಅವರು ಡ್ರೈವರ್‌ನ ದಪ್ಪ ತಲೆಯನ್ನು ಅಂಗೈಯೊಳಗೆ ಹಿಡಿದು, ರಬ್ಬರ್ ತುದಿಯನ್ನು ನೆಲಕ್ಕೆ ಊರಿ, ಕುರಿಗೋಲಿನ ಮೇಲೆ ಒರಗುವ ಹಾಗೆ ಅದರ ಮೇಲೆ ಒರಗಿ ನಿಂತರು.

"ಕಾಲಿನ ರಬ್ರು ಸವದೋಯ್ತಾ ಕಣ್ಣು? ಒಸದು ಆಕಿವ್ರೆ. ನಾನ್ ಅದುಕ್ಕೇ ಜಾಸ್ತಿ ಎಣ್ಣೆ ಕುಡ್ಸಿದ್ದೆ. ಮಣ್ಣಾಗೆ ಊರೋ ತಾವು ಅಲ್ವಾ, ಗೆದ್ಲು ಇಡೀಬಾರ್ದು ಅಂತ."

ನನ್ನ ಸುಳ್ಳು ಬಾಯಲ್ಲೇ ಉಳಿಯಿತು. ಅವರ ಮನಸ್ಸಿನಲ್ಲಿ ಆ ಕೋಲು ಇಷ್ಟು ದಿನವೂ ತಲೆಕೆಳಗಾಗಿ ನಿಂತಿತ್ತು. ಹಿಡಿಯುವುದು ಕಬ್ಬಿಣ, ಊರುವುದು ರಬ್ಬರ್. ಗೊತ್ತಿರುವ ಯಾವ ಕುರಿಯವನೂ ಕೈ ಹಿಡಿಯುವ ಜಾಗಕ್ಕೆ ಹಾಗೆ ಎಣ್ಣೆ ಸುರಿಯುವುದಿಲ್ಲ. ಅದು ಅವರಿಗೂ ಗೊತ್ತಿತ್ತು. ಗೊತ್ತಿಲ್ಲದ್ದು ಮೊಮ್ಮಗಳು ಆ ಕೋಲಿನಿಂದ ಏನು ಮಾಡುತ್ತಾಳೆ ಎನ್ನುವುದು.

ಭುವನಾ ಡ್ರೈವರನ್ನು ತೆಗೆದುಕೊಂಡು ತಿರುಗಿಸಿ, ರಬ್ಬರ್ ಹಿಡಿಕೆಯನ್ನು ಅವರ ಎರಡೂ ಕೈಯೊಳಗಿಟ್ಟು, ಅವರ ಬೆರಳುಗಳನ್ನು ಒಂದೊಂದಾಗಿ ಮಡಚಿದಳು. "ಇಂಗೆ ಇಡೀಬೇಕು ತಾತ."

ಅವರು ತಮ್ಮ ಕೈಯನ್ನೇ ನೋಡುತ್ತಾ ನಿಂತರು. ಮುಖ ಸಣ್ಣದಾಯಿತು. "ಅಂಗಾರೆ ನಾನು ಎಣ್ಣೆ ಆಕಿದ್ದು ಕೈ ಇಡಿಯೋ ತಾವ" ಅಂದರು. ಹಿಡಿಕೆಯನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿ, "ನೀನ್ ಆಡದ್ನ ನಾನು ಒಂದ್ ದಿವ್ಸಾನೂ ನೋಡ್ನಿಲ್ವಲ್ಲ ಮಗಾ" ಅಂದರು. ನನಗೆ ಕಣ್ಣು ತುಂಬಿತು, ಅದನ್ನು ಮುಚ್ಚಿಕೊಳ್ಳಲು ಚೀಲದ ಜಿಪ್ ಎಳೆಯುತ್ತಾ ಕೂತೆ.

ಭುವನಾ ಒಂದು ಚೆಂಡು ತೆಗೆದು ಒಣಗಿದ ಮಣ್ಣಿನ ಹೆಂಟೆಯ ಮೇಲೆ ಕೂರಿಸಿದಳು. ಅಪ್ಪನನ್ನು ಒಂದು ಬದಿಗೆ ದೂರ ನಿಲ್ಲಿಸಿದಳು. ಈ ಸಲ ನಾನೂ ಬೆನ್ನು ತಿರುಗಿಸಲಿಲ್ಲ. ಕೋಲು ಮೇಲೆ ಹೋಯಿತು, ನಿಲ್ಲಲಿಲ್ಲ, ಬಂತು. ಚೆಂಡು ಬಯಲು ದಾಟಿ ನೀರಿನ ಕಡೆ ಏರಿ ಹೋಗುತ್ತಲೇ ಇತ್ತು. ನಾನು ಚೆಂಡು ನೋಡಿದೆ. ಅಪ್ಪ ಚೆಂಡು ನೋಡಲೇ ಇಲ್ಲ, ಅವಳನ್ನು ನೋಡುತ್ತಿದ್ದರು.

ಅವರು ಮೆಲ್ಲಗೆ ತಮ್ಮ ಕುರಿಗೋಲನ್ನು ಕೆಳಗಿಟ್ಟು, ಅದರ ಪಕ್ಕದಲ್ಲೇ ನೆಲದ ಮೇಲೆ ಕೂತರು.

"ಇನ್ನೊಂದ್ ಒಡಿ" ಅಂದರು.

ಅವರ ಬೆನ್ನ ಹಿಂದೆ ಮಂದೆ ಯಾರದೋ ಕಡಲೆಕಾಯಿ ಹೊಲದ ಕಡೆ ಹೊರಟಿತ್ತು. ಅಪ್ಪ ತಿರುಗಿಯೂ ನೋಡಲಿಲ್ಲ. ಅವರ ಕೋಲು ಎತ್ತಿಕೊಂಡು, ಸೀರೆ ಸಿಕ್ಕಿಸಿ, ಕುರಿ ತಿರುಗಿಸಲು ನಾನೇ ಓಡಿದೆ.